ಆ ಸಾಲು ಯಾಕಿದೆ ಅಂತ ಒಂದು ಮಾತು ಬರೆದಿಡಿ

ಸಂಪಾದಕರಿಗೆ ನಮಸ್ಕಾರ.

ರ‍್ಯಾಂಕ್ ಅನ್ನುವ ಪದ ಪತ್ರಿಕೆಗಳಲ್ಲಿ ಎರಡು ಥರ ಅಚ್ಚಾಗುವುದನ್ನು ನೀವೂ ನೋಡಿರುತ್ತೀರಿ. ಒಂದು ಕಡೆ ರ ದೊಡ್ಡದಾಗಿದ್ದು ಯ ಒತ್ತಾಗಿ ಕೆಳಗೆ ಬರುತ್ತದೆ. ಇನ್ನೊಂದು ಕಡೆ ಯ ದೊಡ್ಡದಾಗಿ, ಪಕ್ಕಕ್ಕೆ ಅರ್ಕಾವತ್ತು ಬರುತ್ತದೆ. ಕಂಪ್ಯೂಟರಿನಲ್ಲಿ ಮೊದಲನೆಯ ರೂಪ ಬೇಕಾದರೆ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಇರಬೇಕು. ಯೂನಿಕೋಡ್‌ನಲ್ಲಿ ಅದರ ಹೆಸರು ಝೀರೋ ವಿಡ್ತ್ ಜಾಯ್ನರ್. ಅಗಲವೇ ಇಲ್ಲದ್ದು. ಅದಿಲ್ಲದಿದ್ದರೆ ಸೂರ್ಯ, ಕಾರ್ಯ ಬರೆದಾಗ ಬರುವ ಹಾಗೆ ಅರ್ಕಾವತ್ತೇ ಬರುತ್ತದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಗುರುತನ್ನು ಒಂದು ಸಾಫ್ಟ್‌ವೇರ್‌ನಿಂದ ಕಿತ್ತು ಹಾಕಿದ ಪುಣ್ಯಾತ್ಮ ನಾನೇ.

ಎರಡು ವರ್ಷದ ಹಿಂದಿನ ಮಾತು. ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಹೊತ್ತು ಒಂದು ಪುಟ್ಟ ಓಪನ್ ಸೋರ್ಸ್ (ಕೋಡ್ ಅನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ) ಪ್ರಾಜೆಕ್ಟ್‌ನಲ್ಲಿ ಕೈ ಆಡಿಸುತ್ತಿದ್ದೆ. ಅಲ್ಲಿ ಇಲ್ಲಿ ಕಾಪಿ ಮಾಡಿದ ಕನ್ನಡ ಬರಹದಲ್ಲಿರುವ ಕಸ ತೆಗೆಯುವ ಸಾಫ್ಟ್‌ವೇರ್ ಅದು. ಅದರಲ್ಲಿ ಒಂದು ಫಂಕ್ಷನ್, ಅಂದರೆ ಕೋಡಿನ ಒಂದು ತುಂಡು. ಕಾಣದ ಅಕ್ಷರಗಳನ್ನೆಲ್ಲ ತೆಗೆ, ಆದರೆ ಹಿಂದೆ ರ ಇದ್ದರೆ ಇದೊಂದನ್ನು ಮಾತ್ರ ಬಿಡು, ಅಂತ ಒಂದು ಸಾಲು. ಮೇಲೆ ಕಾಮೆಂಟ್, ಅಂದರೆ ಕೋಡ್ ಓದುವವರಿಗಾಗಿ ಬರೆದ ವಿವರಣೆ, ಇಲ್ಲ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಹುಡುಕಿದರೆ ಬರೆದವರು ಹಾಕಿದ ಸಂದೇಶ ಒಂದೇ ಪದ: ಫಿಕ್ಸ್. ಯಾವುದೋ ಹಳೆಯ ಕಸ ಅಂದುಕೊಂಡು ತೆಗೆದೆ. ಕೋಡ್ ಸರಿ ಇದೆಯಾ ಅಂತ ನೋಡುವ ಟೆಸ್ಟ್‌ಗಳೆಲ್ಲ ಪಾಸಾದವು, ಯಾಕೆಂದರೆ ರ‍್ಯಾಂಕ್‌ಗೆ ಟೆಸ್ಟೇ ಇರಲಿಲ್ಲ. ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್ ಥ್ಯಾಂಕ್ಸ್ ಹೇಳಿ ಮರ್ಜ್ ಮಾಡಿದರು, ಅಂದರೆ ನನ್ನ ಬದಲಾವಣೆ ಸೇರಿಸಿಕೊಂಡರು.

ನಾಲ್ಕು ತಿಂಗಳಾದ ಮೇಲೆ ಒಬ್ಬ ಮೇಷ್ಟ್ರು ಬರೆದರು. ಇಡೀ ಪುಸ್ತಕವನ್ನು ಇದರಲ್ಲಿ ಹಾಕಿ ತೆಗೆದಿದ್ದಾರೆ, ಅವರ ರ‍್ಯಾಲಿ ಅನ್ನುವ ಪದಗಳೆಲ್ಲ ಕೆಟ್ಟು ಹೋಗಿವೆ. ತಪ್ಪು ಎಲ್ಲಿದೆ ಅಂತ ಹುಡುಕಲು ಮೂರು ಜನಕ್ಕೆ ಒಂದು ಶನಿವಾರ, ಭಾನುವಾರ ಪೂರ್ತಿ ಹೋಯಿತು. ಆ ಸಾಲು ಬರೆದವರು ಮೇಲ್‌ಗೆ ಉತ್ತರ ಕೊಡಲಿಲ್ಲ, ಪಾಪ, ಅವರೂ ಬಿಟ್ಟಿ ಕೆಲಸ ಮಾಡಿದವರೇ. ಕೋಡ್ ಸರಿ ಮಾಡಿದ್ದಾಯಿತು, ಆದರೆ ಪುಸ್ತಕ? ಗುರುತು ಒಮ್ಮೆ ಹೋದ ಮೇಲೆ ರ‍್ಯಾಲಿಯ ರ ಯಾವುದು, ಸೂರ್ಯನ ರ ಯಾವುದು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಮೇಷ್ಟ್ರು ಒಂದೊಂದೇ ಪದ ಹುಡುಕಿ ಕೈಯಲ್ಲೇ ತಿದ್ದಿದರು.

‘ರ‍್ಯಾಂಕ್, ರ‍್ಯಾಲಿಗೆ ಇದು ಬೇಕು, ತೆಗೆಯಬೇಡಿ’ ಅಂತ ಬರೆಯಲು ಅರ್ಧ ನಿಮಿಷ ಸಾಕಿತ್ತು.

ಓಪನ್ ಸೋರ್ಸ್‌ಗೆ ಕೋಡ್ ಬರೆಯಿರಿ, ಕೆಲಸ ಸಿಗಲು ಒಳ್ಳೆಯದು ಅಂತ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಎಲ್ಲರೂ ಹೇಳುತ್ತಾರೆ. ಡಾಕ್ಯುಮೆಂಟೇಶನ್, ಅಂದರೆ ಕೋಡ್ ಏನು, ಯಾಕೆ ಅನ್ನುವ ವಿವರಣೆ, ಬರೆಯಿರಿ ಅಂತ ಹೇಳುವವರು ಕಮ್ಮಿ. 2017ರಲ್ಲಿ ಓಪನ್ ಸೋರ್ಸ್ ಕೋಡ್ ಇಡುವ ತಾಣವಾದ ಗಿಟ್‌ಹಬ್ ಒಂದು ಸಮೀಕ್ಷೆ ಮಾಡಿತ್ತು. ಉತ್ತರ ಕೊಟ್ಟವರಲ್ಲಿ 100ಕ್ಕೆ 93 ಜನ ಡಾಕ್ಯುಮೆಂಟೇಶನ್ ಅರೆಬರೆ ಇದೆ, ಹಳತಾಗಿದೆ ಅಂದರು. ಕೋಡ್ ಕೊಡುಗೆ ಕೊಡುವವರಲ್ಲೇ 100ಕ್ಕೆ 60 ಜನ ತಾವು ಅದನ್ನು ಬರೆಯುವುದು ಅಪರೂಪ, ಅಥವಾ ಬರೆಯುವುದೇ ಇಲ್ಲ ಅಂತಲೂ ಒಪ್ಪಿಕೊಂಡರು. ಊಟ ಚೆನ್ನಾಗಿಲ್ಲ ಅಂತ ಎಲ್ಲರೂ ಗೊಣಗುತ್ತಾರೆ, ಒಲೆ ಹಚ್ಚಲು ಮಾತ್ರ ಯಾರೂ ಏಳುವುದಿಲ್ಲ.

ಇದು ಆಗದ ಕೆಲಸವೇನಲ್ಲ. ವೆಬ್‌ಸೈಟ್ ಕಟ್ಟುವವರಿಗೆ ಜ್ಯಾಂಗೋ ಅನ್ನುವ ಸಾಫ್ಟ್‌ವೇರ್ ಗೊತ್ತಿರುತ್ತದೆ. ಅದು ಹುಟ್ಟಿದ್ದು ಒಂದು ಪತ್ರಿಕೆಯ ಕಚೇರಿಯಲ್ಲಿ ಅನ್ನುವುದು ನಿಮಗೆ ಖುಷಿ ಕೊಡಬಹುದು! 2003ರಲ್ಲಿ, ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಅನ್ನುವ ಊರಿನ ‘ಲಾರೆನ್ಸ್ ಜರ್ನಲ್ ವರ್ಲ್ಡ್’ ಪತ್ರಿಕೆಯ ವೆಬ್‌ಸೈಟ್‌ಗಳಿಗಾಗಿ ಅದನ್ನು ಶುರು ಮಾಡಿದರು. 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಶುರು ಮಾಡಿದ ಇಬ್ಬರಲ್ಲಿ ಒಬ್ಬರಾದ ಏಡ್ರಿಯನ್ ಹೊಲೊವಾಟಿ ಪತ್ರಿಕೋದ್ಯಮ ಓದಿದವರು. ಓದುಗನಿಗೆ ಅರ್ಥವಾಗುವ ಹಾಗೆ ಬರೆಯಬೇಕು ಅನ್ನುವುದು ಅವರಿಗೆ ಅಲ್ಲಿಂದಲೇ ಬಂದಿರಬೇಕು ಅನ್ನುವುದು ನನ್ನ ಊಹೆ. ಜ್ಯಾಂಗೋಗೆ ಹೊಸ ಸೌಲಭ್ಯ ಸೇರಿಸಬೇಕಾದರೆ ಟೆಸ್ಟ್ ಜೊತೆ ಡಾಕ್ಯುಮೆಂಟೇಶನ್ ಕೂಡ ಕೊಡಲೇಬೇಕು. ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬರೆಯುವವರು ಇನ್ನೂ ಖಡಕ್. ಒಂದು ಸಾಲಿನ ತಿದ್ದುಪಡಿಯಾಗಲಿ, 5000 ಸಾಲಿನದಾಗಲಿ, ಯಾವ ತೊಂದರೆಗಾಗಿ ಇದನ್ನು ಮಾಡಿದಿರಿ ಅಂತ ಮೊದಲು ಹೇಳಬೇಕು ಅನ್ನುವುದು ಅವರ ನಿಯಮ. ನಮ್ಮ ಸಣ್ಣ ಪ್ರಾಜೆಕ್ಟ್‌ಗಳಲ್ಲಿ ಇದರ ಕಾಲು ಭಾಗ ಇದ್ದರೂ ಮೇಷ್ಟ್ರ ರ‍್ಯಾಲಿ ಉಳಿಯುತ್ತಿತ್ತು.

ಹಾಗಂತ ಸುಮ್ನೆ ಏನೋ ಒಂದು ಬರೆದರೆ ಆಗುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್‌ಗೆ ಕೊಡುಗೆ ಕೊಟ್ಟವರಿಗೆ ಟೀಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ನಡೆದಾಗ, ಬಿಟ್ಟಿ ಟೀಶರ್ಟ್ ಆಸೆಗೆ ಬೇಕಾದಷ್ಟು ಜನ ಕಂಡವರ ಪ್ರಾಜೆಕ್ಟ್ ಪರಿಚಯಿಸುವ ರೀಡ್‌ಮಿ ಫೈಲ್‌ನಲ್ಲಿ ಒಂದೆರಡು ಪದ ಸೇರಿಸಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದ್ದರು. ಮೇಂಟೇನರ್‌ಗಳು ರೋಸಿಹೋದರು. ಕೊನೆಗೆ, ಒಪ್ಪಿಕೊಂಡ ಪ್ರಾಜೆಕ್ಟ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ ಅಂತ ನಡೆಸುವವರು ತಿಂಗಳ ಶುರುವಿನಲ್ಲೇ ನಿಯಮ ಬದಲಾಯಿಸಬೇಕಾಯಿತು. ‘ಐ ಅನ್ನುವ ಸಂಖ್ಯೆಗೆ ಒಂದು ಸೇರಿಸು’ ಅಂತ ಕೋಡ್ ಹೇಳಿದ್ದನ್ನೇ ಮತ್ತೆ ಹೇಳುವ ಕಾಮೆಂಟ್ ಕೂಡ ಇದೇ ಜಾತಿಯದು. ಒಂದು ಸೇರಿಸಿದ್ದು ಕಾಣುತ್ತದಲ್ಲ, ಯಾಕೆ ಸೇರಿಸಿದಿರಿ ಅನ್ನುವುದು ಬೇಕು.

ಬರೆಯುವವರು ಯಾರು? ನನ್ನ ಕೇಳಿದರೆ, ಹೊಸಬರು. ಹತ್ತು ವರ್ಷ ಅದೇ ಕೋಡ್ ನೋಡಿದವರಿಗೆ ಏನು ಅರ್ಥವಾಗುವುದಿಲ್ಲ ಅನ್ನುವುದೇ ಅರ್ಥವಾಗುವುದಿಲ್ಲ. ಹಾಸನದ ಹಾಸ್ಟೆಲ್ ರೂಮಿನಲ್ಲಿ ಕೂತು ಸೆಟಪ್ ಮಾಡಲು ಹೋಗಿ ಮೂರು ಗಂಟೆ ಒದ್ದಾಡಿದ ಹುಡುಗಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ. ಎಲ್ಲಿ ಸಿಕ್ಕಿಕೊಂಡಳೋ ಅಲ್ಲಿ ನಾಲ್ಕು ಸಾಲು ಬರೆದು ಕಳಿಸಲಿ. ಮೇಂಟೇನರ್‌ಗಳು, ಅದರಲ್ಲೂ ಬೆಂಗಳೂರಿನಲ್ಲಿರುವ ನಮ್ಮವರು, ಅದನ್ನು ಕೋಡ್‌ನಷ್ಟೇ ಗಂಭೀರವಾಗಿ ನೋಡಿ, ಕೊಡುಗೆ ಕೊಟ್ಟವರ ಪಟ್ಟಿಯಲ್ಲಿ ಅವಳ ಹೆಸರನ್ನೂ ಹಾಕಲಿ. ಕಾಲೇಜಿನವರು ಪ್ರಾಜೆಕ್ಟ್‌ಗೆ ಅಂಕ ಕೊಡುವಾಗ ಬೇರೆಯವರಿಗೆ ಆ ಕೋಡ್ ಕೊಟ್ಟು, ಓದಿ ನಡೆಸಲು ಬರುತ್ತದಾ ಅಂತ ನೋಡಿದರೆ ಸಾಕು, ಬರೆಯುವ ಅಭ್ಯಾಸ ತಾನಾಗಿ ಬರುತ್ತದೆ ಅಲ್ವಾ? ಈಗ ಬೈಂಡ್ ಮಾಡಿಸಿದ ದಪ್ಪ ವರದಿಗೇ ಮರ್ಯಾದೆ ಜಾಸ್ತಿ, ಆ ವರದಿ ಓದಿ ಕೋಡ್ ನಡೆಸಿದವರನ್ನು ನಾನಂತೂ ನೋಡಿಲ್ಲ.

ಅಂದ ಹಾಗೆ, ಆ ಸಾಲನ್ನು ವಾಪಸ್ ಹಾಕಿದ್ದೇವೆ. ಮೇಲೆ ಮೂರು ಸಾಲು ಕಾಮೆಂಟ್ ಇದೆ, ಕನ್ನಡದಲ್ಲೇ. ಕೆಳಗೆ ರ‍್ಯಾಂಕ್‌ಗೆ ಒಂದು ಟೆಸ್ಟ್ ಕೂಡ ಇದೆ. ಈ ಪತ್ರ ಅಚ್ಚಾಗುವ ಹೊತ್ತಿಗೆ ನಿಮ್ಮ ಡೆಸ್ಕಿನ ಸಾಫ್ಟ್‌ವೇರ್ ನನ್ನ ರ‍್ಯಾಂಕ್, ರ‍್ಯಾಲಿಗಳನ್ನು ಹೇಗೆ ಇಟ್ಟಿರುತ್ತದೋ ನೋಡುವ ಕುತೂಹಲ ನನಗೆ.

ಇಂತಿ,
ಕೋಡ್ ಬರೆಯುವ ಒಬ್ಬ ಓದುಗ, ದಾವಣಗೆರೆ