ರಂಜಕ ಒಬ್ಬರಿಗೆ ನಡೀತೈತಿ, ಒಬ್ಬರಿಗೆ ಯಾಕ ನಡಿಯಂಗಿಲ್ಲ?

ಎಲ್ಲಾರಿಗೂ ಶರಣ್ರಿ. ರಂಜಕ ಅಂದ್ರ ಹಣ್ಣ ಮೆಣಸಿನಕಾಯಿ ಕುಟ್ಟಿ ಮಾಡೋ ಖಾರ ಚಟ್ನಿ. ಅದನ್ನ ಕುಟ್ಟೂ ಹೊತ್ತಿನಾಗ ಈ ಪ್ರಶ್ನೆ ಭಾಳ ಬರ್ತೈತಿ, ಅದಕ್ಕ ಬರದೀವಿ.

ಖಾರ ರುಚಿ ಅಲ್ಲ, ಉರಿ. ಮೆಣಸಿನಕಾಯಿ ಒಳಗಿನ ಕ್ಯಾಪ್ಸೈಸಿನ್ ಅನ್ನೋ ಖಾರದ ಅಂಶ ಬಾಯಾಗಿನ ನರದ ಟಿಆರ್‌ಪಿವಿ1 ಅನ್ನೋ ಗ್ರಾಹಕಕ್ಕ (ಉರಿ ಗುರುತಿಸೋ ಭಾಗಕ್ಕ) ಅಂಟತೈತಿ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ಇದ ಗ್ರಾಹಕ ಎಚ್ಚರ ಆಗ್ತೈತಿ. ಹಂಗಾಗಿ ಬಾಯಿ ಸುಡದಿದ್ರೂ ಸುಟ್ಟಂಗ ಸುದ್ದಿ ಮಿದುಳಿಗೆ ಹೋಗ್ತೈತಿ. ಈ ಗ್ರಾಹಕಾನ 1997ರಾಗ ಗುರುತಿಸಿದ ತಂಡದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಹಂಚಿಕೊಂಡ್ರು.

ಒಬ್ಬೊಬ್ಬರ ನರ ಹುಟ್ಟಿನಿಂದನ ಬ್ಯಾರೆ. ಆದ್ರ ದಿನಾ ರೊಟ್ಟಿ ಜೋಡಿ ಖಾರ ತಿಂದವ್ರ ನರ ಮೆಲ್ಲಗ ಮಂದ ಆಗ್ತಾವ. ರೂಢಿ ಅಂದ್ರ ಇದ. ಬಾಳ ದಿನ ಬಿಟ್ರ ಉರಿ ಮತ್ತ ಮೊದಲಿನಂಗ.

ರೂಢಿ ಮಾಡ್ಕೊಳ್ಳೋರು ಕಾಲು ಚಮಚ ರಂಜಕ, ಎರಡು ಚಮಚ ಗಟ್ಟಿ ಮೊಸರು ಕಲಸಿ ಊಟದ ನಡುವ ತಿನ್ರಿ, ಖಾಲಿ ಹೊಟ್ಟ್ಯಾಗ ಬ್ಯಾಡ. ವಾರಕ್ಕೊಮ್ಮೆ ಮೊಸರು ಸ್ವಲ್ಪ ಕಡಿಮಿ ಮಾಡ್ರಿ. ಒಮ್ಮೆಲೇ ಹೆಚ್ಚಿಸಿದ್ರ ನಾಲಗಿ ತಡದರೂ ಹೊಟ್ಟಿ ತಡಿಯಂಗಿಲ್ಲ. ಹೊಟ್ಟಿ ಹುಣ್ಣು, ಮೂಲವ್ಯಾಧಿ ಇದ್ದವ್ರು ಈ ಕೆಲಸಕ್ಕ ಕೈ ಹಾಕಬ್ಯಾಡ್ರಿ, ಸಣ್ಣ ಹುಡುಗ್ರಿಗೂ ಒತ್ತಾಯ ಬ್ಯಾಡ.

ಖಾರ ಬೀಜದಾಗಿಲ್ಲ, ಬೀಜ ಹಿಡ್ಕೊಂಡಿರೋ ಬಿಳಿ ತಿರುಳಿನಾಗೈತಿ. ಕಡಿಮಿ ಬೇಕಂದ್ರ ಕುಟ್ಟೋಕಿಂತ ಮುಂಚೆ ಅದನ್ನ ಕೆರದು ತಗೀರಿ.

ಖಾರ ನೆತ್ತಿಗೇರಿದ್ರ ನೀರು ಬ್ಯಾಡ. ಕ್ಯಾಪ್ಸೈಸಿನ್ ನೀರಾಗ ಕರಗಂಗಿಲ್ಲ, ಬಾಯಿ ತುಂಬ ಹರಡತೈತಿ ಅಷ್ಟ. ತಣ್ಣನ ಹಾಲು, ಇಲ್ಲಾ ಮೊಸರು ಬಾಯಾಗ ಹಿಡ್ಕೋರಿ. ಕೈ ಉರಿದ್ರ ಮೊದಲ ಅಡಿಗಿ ಎಣ್ಣಿ ತಿಕ್ಕಿ, ಆಮ್ಯಾಲೆ ಸಾಬಾಣ. ಅಲ್ಲೀತನಕ ಕಣ್ಣು ಮುಟ್ಟಬ್ಯಾಡ್ರಿ.