ಸೀನನಿಗೆ, ನೂರು ಹಾಸಿಗೆಯ ಕಾವಲಿನ ಬಗ್ಗೆ

ಪ್ರೀತಿಯ ಸೀನ,

ನಿನ್ನ ಮೆಸೇಜು ಎರಡೇ ಸಾಲು. ನೂರು ಹಾಸಿಗೆಗೆ ಎಷ್ಟು ಗಾರ್ಡು, ಎಷ್ಟು ಕ್ಯಾಮೆರಾ? ಬುಧವಾರ ಟ್ರಸ್ಟಿನ ಮೀಟಿಂಗು. ಉತ್ತರ ಮಾತ್ರ ಎರಡು ಸಾಲಿಗೆ ಮುಗಿಯುವಂಥದ್ದಲ್ಲ ಮಾರಾಯ. ನಿನ್ನ ಹಾಗೆ ಆಸ್ಪತ್ರೆ ಕಟ್ಟಿಸುತ್ತಿರುವವರು ಇನ್ನೂ ಇದ್ದಾರಲ್ಲ, ಅವರಿಗೂ ಸಿಗಲಿ ಎಂದು ಇಲ್ಲೇ ಎಲ್ಲರೆದುರು ಬರೆಯುತ್ತಿದ್ದೇನೆ. ದಾವಣಗೆರೆ ಚಿಲಕದ ವಿಷಯ ಎತ್ತುವುದಿಲ್ಲ, ಹೆದರಬೇಡ.

ಮೊದಲು ಗಾರ್ಡಿನ ಲೆಕ್ಕ. ಒಂದು ಜಾಗದಲ್ಲಿ ಹಗಲು ರಾತ್ರಿ ಒಬ್ಬ ಇರಬೇಕೆಂದರೆ ಮೂರು ಜನ ಸಾಲದು. ವಾರಕ್ಕೆ 21 ಪಾಳಿ, ಒಬ್ಬ ಮಾಡುವುದು 6. ಅಲ್ಲಿಗೇ ಮೂರೂವರೆ ಆಯಿತು. ರಜೆ, ಜ್ವರ, ಊರಹಬ್ಬ ಸೇರಿದರೆ ನಾಲ್ಕೂವರೆ. ಎರಡೇ ಜನರನ್ನಿಟ್ಟು 12 ಗಂಟೆಯ ಪಾಳಿ ಹಾಕಿ ಅಗ್ಗದ ದರ ಕೊಡುವ ಏಜೆನ್ಸಿ ಬೇಡ. ಬೆಳಗಿನ ಜಾವ ಮೂರಕ್ಕೆ ಆ ಮನುಷ್ಯ ಕುರ್ಚಿಯಲ್ಲೇ ನಿದ್ದೆ ಹೋಗಿರುತ್ತಾನೆ, ತಪ್ಪು ಅವನದಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಮಾದರಿ ನಿಯಮಗಳು ಹೊಸ ಗಾರ್ಡಿಗೆ 100 ಗಂಟೆ ಪಾಠ, 60 ಗಂಟೆ ಹೊರಗಿನ ತರಬೇತಿ ಎನ್ನುತ್ತವೆ. ಸರ್ಟಿಫಿಕೇಟು ಕೇಳಿ ನೋಡು. ಅಳುತ್ತಿರುವ ಮನೆಮಂದಿಯ ಹತ್ತಿರ ಹೇಗೆ ಮಾತಾಡಬೇಕು ಎನ್ನುವುದನ್ನು ಮಾತ್ರ ನೀವೇ ಕಲಿಸಬೇಕು.

ಕ್ಯಾಮೆರಾ ಎಷ್ಟು ಎನ್ನುವುದಕ್ಕಿಂತ ರೆಕಾರ್ಡಿಂಗ್ ಎಷ್ಟು ದಿನ ಉಳಿಯುತ್ತದೆ ಎಂದು ಕೇಳು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸಿದರೆ ದಿನಕ್ಕೆ 21.6 ಜಿಬಿ. 32 ಕ್ಯಾಮೆರಾ, 30 ದಿನ ಎಂದರೆ ಹೆಚ್ಚುಕಡಿಮೆ 21 ಟಿಬಿ. ಮಾರುವವನು 8 ಟಿಬಿ ಡಿಸ್ಕು ಹಾಕಿಕೊಟ್ಟು ಹೋಗುತ್ತಾನೆ. ಹನ್ನೆರಡನೇ ದಿನಕ್ಕೆ ಹಳೆಯದರ ಮೇಲೆ ಹೊಸದು ಕೂರುತ್ತದೆ, ಪೊಲೀಸರು ಕೇಳುವ ಹೊತ್ತಿಗೆ ಏನೂ ಇರುವುದಿಲ್ಲ. ರೆಕಾರ್ಡರಿನ ಗಡಿಯಾರವನ್ನು ತಿಂಗಳಿಗೊಮ್ಮೆ ನೋಡಿ ಸರಿ ಮಾಡಬೇಕು, ಯುಪಿಎಸ್‌ಗೆ ಜೋಡಿಸಬೇಕು. ಮುಖ್ಯ ಬಾಗಿಲಿನ ಕ್ಯಾಮೆರಾ ಹೊರಗಿನ ಬಿಸಿಲಿಗೆ ಮುಖ ಮಾಡಿದ್ದರೆ ಒಳಗೆ ಬಂದವನ ಮುಖದ ಬದಲು ಕರಿ ನೆರಳು ಸಿಗುತ್ತದೆ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದಕ್ಕೆ ಯಾರು ಸಹಿ ಹಾಕುವವರು ಎಂದು ಈಗಲೇ ಗೊತ್ತುಮಾಡಿಕೊಳ್ಳಿ.

ಕ್ಯಾಶುವಲ್ಟಿಯ ಬಗ್ಗೆ ಮನಸ್ಸಿಟ್ಟು ಓದು. ಡಾಕ್ಟರ ಕುರ್ಚಿ ಬಾಗಿಲಿಗೆ ಹತ್ತಿರವಿರಲಿ. ಮೇಜಿನ ಹಿಂದೆ ಗೋಡೆಗೆ ಒತ್ತಿಕೊಂಡು ಕೂತವರಿಗೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ. ಸಾಧ್ಯವಾದರೆ ಕೋಣೆಗೆ ಎರಡು ಬಾಗಿಲಿಡಿ. ಕಾಯುವವರ ಕುರ್ಚಿಗಳು ಒಂದಕ್ಕೊಂದು ಜೋಡಿಸಿ ನೆಲಕ್ಕೆ ಬೋಲ್ಟ್ ಮಾಡಿದವಾಗಿರಲಿ. ಜಗಳದಲ್ಲಿ ಮೊದಲು ಮೇಲೇಳುವುದು ಸ್ಟೂಲು, ಆಮೇಲೆ ಸಲೈನ್ ಸ್ಟ್ಯಾಂಡು. ಅಲಾರಂ ಬಟನ್ನು ಮೇಜಿನಡಿಯಲ್ಲಿ ಕೈಗೆ ಸಿಗುವಂತಿರಬೇಕು, ಒತ್ತಿದರೆ ಗಾರ್ಡ್ ರೂಮಿನಲ್ಲಿ ಯಾವ ಕೋಣೆ ಎಂದು ತೋರಬೇಕು. ಗಂಟೆ ಹೊಡೆದರೂ ಎಲ್ಲಿ ಎಂದು ತಿಳಿಯದೆ ಓಡಾಡುವುದರಲ್ಲೇ ಎರಡು ನಿಮಿಷ ಕಳೆಯುತ್ತದೆ. ಪ್ರತಿ ಸೋಮವಾರ ಒತ್ತಿ ನೋಡಿ, ಬ್ಯಾಟರಿ ಸತ್ತಿದ್ದು ಹಾಗಷ್ಟೇ ಗೊತ್ತಾಗುವುದು.

ಇನ್ನೊಂದು, ಇದಕ್ಕೆ ದುಡ್ಡೇ ಬೇಡ. ಒಳಗೆ ಏನಾಗುತ್ತಿದೆ ಎಂದು ಅರ್ಧ ಗಂಟೆಗೊಮ್ಮೆ ಒಬ್ಬರು ಹೊರಗೆ ಬಂದು ಮನೆಯವರಿಗೆ ಹೇಳಬೇಕು. ಸಾವಿನ ಸುದ್ದಿಯನ್ನು ಕಾರಿಡಾರಿನಲ್ಲಿ ನಿಂತು ಹೇಳಬಾರದು, ಅದಕ್ಕೊಂದು ಕೋಣೆ, ನಾಲ್ಕು ಕುರ್ಚಿ, ನೀರು ಇರಲಿ. ಕರ್ನಾಟಕದಲ್ಲಿ 2009ರಿಂದ ವೈದ್ಯಕೀಯ ಸಿಬ್ಬಂದಿಯ ರಕ್ಷಣೆಗೆ ಪ್ರತ್ಯೇಕ ಕಾಯ್ದೆಯಿದೆ, ಹಲ್ಲೆ ಜಾಮೀನುರಹಿತ ಅಪರಾಧ. ಕಾಯ್ದೆ ಕೆಲಸಕ್ಕೆ ಬರುವುದು ಏಟು ಬಿದ್ದ ಮೇಲೆ. ಅದಕ್ಕೂ ಮುಂಚಿನ ಅರ್ಧ ಗಂಟೆ ನಿಮ್ಮ ಕೈಯಲ್ಲಿದೆ.

ಬಾಗಿಲುಗಳಿಗೆ ಬೀಗ ಜಡಿದು ಜನರನ್ನು ತಡೆಯುವ ಆಸೆ ಬೇಡ. 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಎಎಮ್‌ಆರ್‌ಐ ಆಸ್ಪತ್ರೆಯಲ್ಲಿ ವಾಹನ ನಿಲ್ಲಿಸಬೇಕಿದ್ದ ನೆಲಮಾಳಿಗೆಯಲ್ಲಿ ತುಂಬಿಟ್ಟ ಸಾಮಾನಿಗೆ ಬೆಂಕಿ ಹತ್ತಿ ಸುಮಾರು 90 ಜನ ಸತ್ತರು, ಹೆಚ್ಚಿನವರು ಹೊಗೆಯಲ್ಲಿ ಉಸಿರುಗಟ್ಟಿ. ಸಹಾಯಕ್ಕೆಂದು ಓಡಿಬಂದ ಪಕ್ಕದ ಕೊಳೆಗೇರಿಯ ಜನರನ್ನು ಗೇಟಿನ ಕಾವಲಿನವರು ವಾಪಸು ಕಳಿಸಿದರೆಂದು ಆಗ ವರದಿಯಾಗಿತ್ತು. ಐಸಿಯು ಬಾಗಿಲಿಗೆ ಮ್ಯಾಗ್ನೆಟಿಕ್ ಲಾಕ್ ಹಾಕಿಸು. ಫೈರ್ ಅಲಾರಂ ಹೊಡೆದರೆ, ಕರೆಂಟು ಹೋದರೆ, ಅದು ತಾನಾಗಿ ಬಿಟ್ಟುಕೊಳ್ಳಬೇಕು.

ಇಲ್ಲಿಗೆ ನಿಲ್ಲಿಸಿ ಶುಭಾಶಯ ಹೇಳಬೇಕೆಂದಿದ್ದೆ. ಆಗುತ್ತಿಲ್ಲ.

ನಮ್ಮ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದರು. 1973ರ ನವೆಂಬರ್ 27ರಂದು ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸಲು ಹೋದಾಗ ಅದೇ ಆಸ್ಪತ್ರೆಯ ಕಸಗುಡಿಸುವವನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅವರು ಅಲ್ಲೇ ಮಲಗಿದ್ದರು, ಅಲ್ಲಿನ ನರ್ಸುಗಳೇ ನೋಡಿಕೊಂಡರು. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ಪಾಳಿಯ ನಡುವೆ ಸೆಮಿನಾರ್ ಹಾಲಿನಲ್ಲಿ ಮಲಗಿದ್ದ ವೈದ್ಯೆಯ ಅತ್ಯಾಚಾರ, ಕೊಲೆ. ಶಿಕ್ಷೆಯಾದವನು ಪೊಲೀಸರ ಜೊತೆ ಕೆಲಸ ಮಾಡುತ್ತಿದ್ದ ಸಿವಿಕ್ ವಾಲಂಟಿಯರ್, ಆಸ್ಪತ್ರೆಯಲ್ಲಿ ಓಡಾಡಿ ರೂಢಿಯಿದ್ದವನು. ಆಮೇಲೆ ಕಾವಲಿಗೆ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್ ಬಂತು, ಸುಪ್ರೀಂ ಕೋರ್ಟು ಕಾರ್ಯಪಡೆ ರಚಿಸಿತು, ಸಿಬ್ಬಂದಿಯ ಮೇಲೆ ಹಲ್ಲೆಯಾದರೆ ಆಸ್ಪತ್ರೆಯ ಮುಖ್ಯಸ್ಥರು 6 ಗಂಟೆಯೊಳಗೆ ದೂರು ಕೊಡಬೇಕೆಂದು ಕೇಂದ್ರದ ಸುತ್ತೋಲೆ ಬಂತು.

ಐವತ್ತು ವರ್ಷಗಳಲ್ಲಿ ಲಾಠಿ ಹಿಡಿದ ಒಬ್ಬ ವಾಚ್‌ಮನ್ ಇದ್ದಲ್ಲಿ ಕ್ಯಾಮೆರಾ, ಪಾಸು, ಸಮವಸ್ತ್ರದ ಗಾರ್ಡುಗಳು ಬಂದಿದ್ದಾರೆ. ಎಲ್ಲ ಬಂದು ನಿಂತಿದ್ದು ಹೊರಗಿನವರ ಎದುರು. ಈ ಕೃತ್ಯ ಮಾಡಿದ ಇಬ್ಬರನ್ನೂ ಗೇಟಿನಲ್ಲಿ ಯಾರೂ ತಡೆಯುತ್ತಿರಲಿಲ್ಲ. ಆ ಹೆಂಗಸರಲ್ಲಿ ಒಬ್ಬರಿಗೆ ಬಟ್ಟೆ ಬದಲಿಸಲು, ಇನ್ನೊಬ್ಬರಿಗೆ ಮಲಗಲು ಒಂದು ಸರಿಯಾದ ಕೋಣೆ ಇರಲಿಲ್ಲ. ಸೀನ, ಇಷ್ಟು ವರ್ಷ ಇದೇ ಕೆಲಸ ಮಾಡಿಯೂ, ರಾತ್ರಿ ಪಾಳಿಯವರು ಎಲ್ಲಿ ಮಲಗುತ್ತಾರೆ ಎಂದು ಆ ಆಗಸ್ಟಿನವರೆಗೆ ನಾನು ಒಂದು ಆಸ್ಪತ್ರೆಯಲ್ಲೂ ಕೇಳಿರಲಿಲ್ಲ. ಹಳದೀಪುರದ ಬಸ್ಸಿನಲ್ಲಿ ಓಡಾಡಿ ಬೆಳೆದವನು ನಾನು. ಇದನ್ನು ಯಾರಿಗೂ ಹೇಳಿರಲಿಲ್ಲ, ಇಲ್ಲಿ ಬರೆಯುವ ಯೋಚನೆಯೂ ಇರಲಿಲ್ಲ.

ಇರಲಿ. ಬುಧವಾರ ನಕ್ಷೆ ಬಿಡಿಸಿದಾಗ ಮೊದಲು ರಾತ್ರಿ ಪಾಳಿಯವರು ಮಲಗುವ ಡ್ಯೂಟಿ ರೂಮು ಹುಡುಕು. ಹೆಂಗಸರಿಗೆ ಬೇರೆಯದು, ವಾರ್ಡಿನ ಮಹಡಿಯಲ್ಲೇ, ಕೂಗಿದರೆ ಕೇಳುವಷ್ಟು ಹತ್ತಿರ, ಬಚ್ಚಲು ಒಳಗೇ. ಕ್ಯಾಮೆರಾ ಕಾರಿಡಾರಿನಲ್ಲಿ ಬಾಗಿಲಿನ ಕಡೆಗೆ ನೋಡುತ್ತಿರಲಿ, ಒಳಗೆ ಎಂದೂ ಬೇಡ. ಹಾಸಿಗೆಯ ಪಕ್ಕ ಒಂದು ಅಲಾರಂ ಬಟನ್ನು. ಕಾರಿಡಾರಿನ ದೀಪ ಯುಪಿಎಸ್ ಮೇಲೆ. ಗುತ್ತಿಗೆಯವರ ಗುರುತಿನ ಚೀಟಿ ಕೆಲಸ ಬಿಟ್ಟ ದಿನವೇ ವಾಪಸು ಬರಬೇಕು. ರಾತ್ರಿ 10ರ ಮೇಲೆ ಯಾರೇ ಒಳಗೆ ಬಂದರೂ, ಖಾಕಿಯಲ್ಲಿದ್ದರೂ, ರಿಜಿಸ್ಟರಿನಲ್ಲಿ ಹೆಸರು. ಗಸ್ತು ಮೆಟ್ಟಿಲ ತಿರುವು, ತಾರಸಿ, ಸ್ಟೋರು ಮುಟ್ಟಿ ಬರಲಿ, ಪ್ರತಿದಿನ ಒಂದೇ ಹೊತ್ತಿಗೆ ಬೇಡ.

ಆ ಕೋಣೆಯ ಚಿಲಕ ಒಳಗಿನಿಂದ ಬೀಳಬೇಕು, ತುರ್ತಿಗೆ ಹೊರಗಿನಿಂದ ತೆಗೆಯುವ ಕೀಲಿ ನರ್ಸಿಂಗ್ ಇನ್‌ಚಾರ್ಜ್ ಕೈಯಲ್ಲಿ ಮಾತ್ರ. ಅಂಗಡಿಗೆ ನೀನೇ ಹೋಗಬೇಡ, ದಾವಣಗೆರೆ ನೆನಪಿದೆಯಲ್ಲ, ಸುಮಕ್ಕನನ್ನು ಕಳಿಸು.

ನಿನ್ನವ,
ಗಣಪ