ಮರದ ನೆರಳಲ್ಲೂ ಆಪ್ತಸಮಾಲೋಚನೆ ನಡೆಯಲಿ

ಸಂಪಾದಕರೇ,

ಮನಸ್ಸಿನ ಕಷ್ಟ ಹೇಳಿಕೊಳ್ಳಲು ನಾಲ್ಕು ಗೋಡೆಯ ಕೋಣೆಯೇ ಬೇಕೆಂದಿಲ್ಲ. ಎದುರುಬದುರು ಕೂರಿಸಿದರೆ ಬಾಯಿ ಬಿಡದ ಎಷ್ಟೋ ಮಕ್ಕಳು ಜೊತೆಯಲ್ಲಿ ನಡೆಯುವಾಗ, ಗಿಡಕ್ಕೆ ಪಾತಿ ಮಾಡುವಾಗ ತಾವಾಗಿಯೇ ಮಾತಾಡುತ್ತಾರೆ. ಮುಖ ನೋಡಿಯೇ ಹೇಳಬೇಕೆಂಬ ಮುಜುಗರ ಇರುವುದಿಲ್ಲ, ಅಲ್ವಾ? ಜಪಾನ್ ಸರ್ಕಾರ 1982ರಲ್ಲೇ ಆರೋಗ್ಯಕ್ಕಾಗಿ ಕಾಡಿನ ನಡಿಗೆಯನ್ನು ಪ್ರೋತ್ಸಾಹಿಸಲು ಶುರು ಮಾಡಿತು.

ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಮಾನಸಿಕ ತೊಂದರೆಗಳಿಗೆ ಚಿಕಿತ್ಸೆ ಕೊಡುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಂದಿದೆ. ಅಲ್ಲಿಗೆ ಬರುವವರಲ್ಲಿ ಇಷ್ಟಪಟ್ಟವರಿಗೆ ಹತ್ತಿರದ ಪಾರ್ಕಿನಲ್ಲಿ ಬೆಳಿಗ್ಗೆ ಒಂದು ಗಂಟೆ ಮೀಸಲಿಡಬಹುದು. ತೋಟಗಾರಿಕೆ ಇಲಾಖೆ ಜಾಗ ಕೊಡಲಿ. ಆದರೆ ತರಬೇತಿ ಪಡೆದ ಆಪ್ತಸಮಾಲೋಚಕರೇ ಇರಬೇಕು, ಔಷಧಿ ಬೇಕಾದವರಿಗೆ ಅದೂ ಮುಂದುವರಿಯಬೇಕು. ಆಡಿದ ಮಾತು ಬೇರೆಯವರ ಕಿವಿಗೆ ಬೀಳದಂಥ ಮೂಲೆ ಸಣ್ಣ ಊರುಗಳಲ್ಲಂತೂ ಬೇಕೇ ಬೇಕು.

— ಒಬ್ಬ ಶಿಕ್ಷಕಿ, ಹಾಸನ